ಮಿಗ್ ಏರಿ ‘ಅಂತರಿಕ್ಷದ ಅಂಚಿಗೆ’: 61ರ ವಯಸ್ಸಿಗೆ ಇದು ಬೇಕೇ?

ಕೋಥ್ರೂಡಿನ ಲೆಕ್ಕಿಗ:
ಮೂವತ್ತೆರಡು ವರ್ಷ ಪುಣೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡಿ ನಿವೃತ್ತನಾದವನು ನಾನು. ರಷ್ಯಾದ ನಿಜ್ನಿ ನೊವ್‌ಗೊರೊದ್‌ನಲ್ಲಿರುವ ಸೋಕೋಲ್ ನೆಲೆಯಿಂದ ಹಣ ಕೊಟ್ಟವರನ್ನು ಮಿಗ್-29 ಯುದ್ಧವಿಮಾನದಲ್ಲಿ ಕೂರಿಸಿ ಸುಮಾರು 20 ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತಿದ್ದ ಸುದ್ದಿಯನ್ನು ಬಹಳ ಹಿಂದೆ ಕತ್ತರಿಸಿ ಮೇಜಿನ ಗಾಜಿನಡಿ ಇಟ್ಟಿದ್ದೆ. ಮೊನ್ನೆ ಮಗಳು ಅದನ್ನು ಕಂಡು, ‘ಅಪ್ಪಾ, ಇಂಥದ್ದು ಎಲ್ಲಿ ಸಿಕ್ಕರೂ ಹೋಗಿ ಬಾ, ಹಣ ನನ್ನದು’ ಎಂದಳು. ಅಂದಿನಿಂದ ಮನೆಯಾಕೆ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ. ಅದು ನಿಜಕ್ಕೂ ಅಂತರಿಕ್ಷವೇ? ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನುಂಗುವ ದೇಹ ತಾಳುತ್ತದೆಯೇ? ಬಲ್ಲವರು ಹೇಳಿ.

ವಿಶ್ರಾಂತವಾಡಿಯ ಧಾರವಾಡದವ:
ರಾಯರೇ, 1987ರಲ್ಲಿ ಮಿಗ್-29 ಪುಣೆಯ ಲೋಹಗಾಂವ್ ವಾಯುನೆಲೆಗೆ ಬಂದ ಕಾಲದಲ್ಲಿ ನಾನು ಅಲ್ಲಿ ನೆಲದ ಕೆಲಸದ ಹುಡುಗ. ಏಣಿ ಹತ್ತಿ ಪೈಲಟ್‌ಗಳಿಗೆ ಬೆಲ್ಟು ಬಿಗಿದು, ಸೀಟಿನ ಸುರಕ್ಷತಾ ಪಿನ್ನು ಕಿತ್ತು ಕೆಳಗಿಳಿಯುವುದರಲ್ಲೇ ನನ್ನ ಯೌವನ ಕಳೆಯಿತು.

ಮೊದಲು ‘ಅಂಚಿನ’ ಲೆಕ್ಕ. ಅಂತರಿಕ್ಷದ ಗಡಿ ಎಂದು ಹೆಚ್ಚಿನವರು ಒಪ್ಪುವ ಕಾರ್ಮಾನ್ ರೇಖೆ 100 ಕಿಲೋಮೀಟರ್ ಮೇಲಿದೆ. ಅಮೆರಿಕದವರು 80ಕ್ಕೇ ಒಪ್ಪಿಕೊಳ್ಳುತ್ತಾರೆ. ಪುಣೆಯ ಸ್ವಾರಗೇಟಿನಿಂದ ಮುಂಬೈಗೆಂದು ಹೊರಟು ಊರಂಚಿನ ನಿಗಡಿಯಲ್ಲೇ ಇಳಿದರೆ ಎಷ್ಟೋ, ಮಿಗ್ ನಿಮ್ಮನ್ನು ಅಷ್ಟೇ ಒಯ್ಯುತ್ತದೆ. ಆದರೆ ನಿಗಡಿಯನ್ನು ಹಗುರವಾಗಿ ಕಾಣಬೇಡಿ. ಪ್ರಯಾಣಿಕ ವಿಮಾನ ಹಾರುವುದು 10-12 ಕಿಲೋಮೀಟರಿನಲ್ಲಿ. 20ಕ್ಕೆ ತಲುಪಿದರೆ ಗಾಳಿಯ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನಿಮ್ಮ ಕಾಲಡಿ ಉಳಿದಿರುತ್ತದೆ. ಹಾಗಾಗಿಯೇ ನಡುಹಗಲಲ್ಲಿ ನೆತ್ತಿಯ ಮೇಲೆ ಆಕಾಶ ಕಪ್ಪು, ಕೆಳಗೆ ಭೂಮಿಯ ಬಾಗು.

ಆ ಎತ್ತರಕ್ಕೆ ವಿಮಾನ ನಿಧಾನವಾಗಿ ಹತ್ತುವುದಿಲ್ಲ. ಸುಮಾರು 11 ಕಿಲೋಮೀಟರಿನಲ್ಲಿ ಶಬ್ದವನ್ನು ಮೀರಿದ ವೇಗ ಪಡೆದು, ಮೂತಿಯನ್ನು ಮೇಲೆತ್ತಿ, ಆ ವೇಗವನ್ನೇ ಎತ್ತರವಾಗಿ ಖರ್ಚು ಮಾಡುತ್ತದೆ. ಲೆಕ್ಕಿಗರಾದ ನಿಮಗೆ ಹೇಳುವುದಾದರೆ ಉಳಿತಾಯ ಖಾತೆ ಖಾಲಿಯಾಗುವವರೆಗೆ ಏರಿ, ಬಳಿಕ ಇಳಿಯುವುದು. ತುದಿಯಲ್ಲಿ ಕೂತು ಚಹಾ ಕುಡಿಯುವಷ್ಟು ಹೊತ್ತು ಸಿಗುವುದಿಲ್ಲ. ಇನ್ನು 19 ಕಿಲೋಮೀಟರಿನ ಮೇಲೆ ಹೊರಗಿನ ಒತ್ತಡ ಎಷ್ಟು ಕಡಿಮೆಯೆಂದರೆ ನಮ್ಮ ಮೈಬಿಸಿಗೇ ನೀರು ಕುದಿಯುತ್ತದೆ. ಕಾಕ್‌ಪಿಟ್ಟಿನ ಒಳಗೆ ತುಂಬಿಟ್ಟ ಗಾಳಿಯೇ ಅಲ್ಲಿ ನಿಮ್ಮ ಊರು.

ದೇಹದ ವಿಷಯ. ಕಸರತ್ತಿನಲ್ಲಿ 7 ಜಿ, ಅಂದರೆ ಭೂಮಿಯ ಸೆಳೆತದ ಏಳು ಪಟ್ಟು, ಬಂದರೆ 70 ಕಿಲೋ ಆಸಾಮಿ 490 ಕಿಲೋ ಆಗುತ್ತಾನೆ. ನಮ್ಮೂರ ಲೆಕ್ಕದಲ್ಲಿ ಹೆಗಲ ಮೇಲೆ ನಾಲ್ಕು ಕ್ವಿಂಟಲ್ ಜೋಳ. ರಕ್ತ ಕಾಲಿಗಿಳಿದು ಕಣ್ಣು ಮಂಜಾಗುತ್ತದೆ. ಅದನ್ನು ತಡೆಯಲು ಜಿ-ಸೂಟು ಉಬ್ಬಿ ತೊಡೆ, ಹೊಟ್ಟೆಗಳನ್ನು ಹಿಂಡುತ್ತದೆ. ಬೆನ್ನೆಲುಬಿನಲ್ಲಿ ದೋಷವಿದ್ದರೆ ಈ ಆಸೆಗೆ ಕೈಮುಗಿಯಿರಿ, ಏಕೆಂದರೆ ತುರ್ತಿನಲ್ಲಿ ಆ ಸೀಟು ನಿಮ್ಮನ್ನು ರಾಕೆಟ್ಟಿನಂತೆ ಹೊರಗೆಸೆಯುತ್ತದೆ. ವಯಸ್ಸಿಗೆ ಮಾತ್ರ ಹೆದರಬೇಡಿ. ಇದೇ ಲೋಹಗಾಂವಿನಿಂದ 2006ರ ಜೂನ್ 8ರಂದು ಕಲಾಂ ಅವರು, 2009ರ ನವೆಂಬರ್ 25ರಂದು ಪ್ರತಿಭಾ ಪಾಟೀಲರು ಸುಖೋಯ್-30ರಲ್ಲಿ ಹಾರಿದರು. ಹಾರಿದ ದಿನ ಇಬ್ಬರಿಗೂ 74.

ವಾಸ್ಕೊದ ಗೃಹಿಣಿ:
ದಾಬೋಳಿಯ ನೌಕಾನೆಲೆಯ ಮಿಗ್-29ಕೆ ಮೇಲೇಳುವಾಗ ನಮ್ಮ ಮನೆಯ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ಮಾತಾಡುತ್ತವೆ. ಅದರೊಳಗೆ ಕೂರಲು ಹಣ ಬೇರೆ ಕೊಡಬೇಕೇ! ನಿಮ್ಮ ಮನೆಯವರ ಪಕ್ಷ ನಾನು. ಅಂತರಿಕ್ಷವೇ ಬೇಕಿದ್ದರೆ ವರ್ಜಿನ್ ಗ್ಯಾಲಕ್ಟಿಕ್ ಎಂಬ ಅಮೆರಿಕದ ಕಂಪನಿ ಇದೆಯಲ್ಲ?

ವಿಶ್ರಾಂತವಾಡಿಯ ಧಾರವಾಡದವ:
ಇದೆ ತಾಯಿ. 2024ರವರೆಗೆ 80 ಕಿಲೋಮೀಟರ್ ದಾಟಿಸಿ ಕೆಲವು ನಿಮಿಷ ತೇಲಿಸುತ್ತಿದ್ದರು. 2021ರಲ್ಲಿ ಟಿಕೆಟ್ಟಿಗೆ 4.5 ಲಕ್ಷ ಡಾಲರ್ ಕೇಳಿದ್ದರು. ಮಗಳು ಕೊಡುತ್ತಾಳೆಯೇ ಕೇಳಿ ನೋಡಲಿ.

ಕೋಥ್ರೂಡಿನ ಲೆಕ್ಕಿಗ:
ಕೇಳುವುದಿಲ್ಲ! ಸೋಮವಾರ ಬೆನ್ನಿನ ಎಕ್ಸ್‌ರೇ ತೆಗೆಸುತ್ತೇನೆ. ಮನೆಯಾಕೆಯೂ ಜೊತೆಗೆ ಬರುತ್ತಾಳಂತೆ, ವೈದ್ಯರು ‘ಬೇಡ’ ಎನ್ನುವುದನ್ನು ಕಿವಿಯಾರೆ ಕೇಳಲು. ಒಂದು ಮಾತು, ನೀವು ಎಂದಾದರೂ ಹಾರಿದ್ದಿರಾ?

ವಿಶ್ರಾಂತವಾಡಿಯ ಧಾರವಾಡದವ:
ಎಂಜಿನ್ ಪರೀಕ್ಷೆಯ ಹೊತ್ತಿನಲ್ಲಿ ಎಷ್ಟೋ ಸಲ ಕಾಕ್‌ಪಿಟ್ಟಿನಲ್ಲಿ ಕೂತಿದ್ದೇನೆ. ಎರಡೂ ಎಂಜಿನ್ ಗರ್ಜಿಸುತ್ತಿದ್ದವು. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಿರುತ್ತಿದ್ದರು.