ಅಮ್ಮನ ಅಧಿಕಾರ ಪತ್ರಕ್ಕೆ ಊರಿನ ನೋಟರಿ ಸಾಲದು, ಅಣ್ಣನದಕ್ಕೆ ಅಮೆರಿಕದ ನೋಟರಿ ಸಾಕು: ಇದು ಯಾವ ಲೆಕ್ಕ?

ಅಡಿಕೆತೋಟದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಎರಡು ಹೆಜ್ಜೆಯಲ್ಲಿ ಬಿಡಿಸಬಹುದಾದ ಲೆಕ್ಕಕ್ಕೆ ಆರು ಸಲ ಕಚೇರಿಯ ಮೆಟ್ಟಿಲು ಹತ್ತಿಸಿದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಮಲೆನಾಡಿನಲ್ಲಿ ಮೂರು ಎಕರೆ ಹತ್ತು ಗುಂಟೆ ಅಡಿಕೆ ತೋಟ, ಅವರು ಸ್ವಂತ ದುಡಿಮೆಯಿಂದ ಕೊಂಡದ್ದು. ಅಮ್ಮ, ಅಣ್ಣ, ನಾನು, ತಮ್ಮ ಸೇರಿ ನಾಲ್ಕು ಜನ, ತಲಾ ಮೂವತ್ತೆರಡೂವರೆ ಗುಂಟೆ. ಜಗಳವೇನೂ ಇಲ್ಲ. ಪಾಲುಪಟ್ಟಿ ನೋಂದಣಿಯಾಗಬೇಕು, ಅಷ್ಟೇ.

ಅಮ್ಮನಿಗೆ ಎಂಬತ್ತೆರಡು. ಸೊಂಟದ ಮೂಳೆ ಮುರಿದ ಮೇಲೆ ಶಿವಮೊಗ್ಗದ ನಮ್ಮ ಮನೆಯಲ್ಲಿಯೇ ಇದ್ದಾಳೆ. ಅವಳ ಪರವಾಗಿ ನಾನೇ ಸಹಿ ಮಾಡೋಣವೆಂದು, ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಲು ನೋಟರಿಯವರನ್ನು ಮನೆಗೇ ಕರೆಸಿದೆ. ಪಾಪ, ಒಳ್ಳೆಯ ಮನುಷ್ಯ. ಆಧಾರ್ ನೋಡಿದರು, ನನ್ನನ್ನು ಹೊರಗೆ ಕಳುಹಿಸಿ ಅಮ್ಮನನ್ನು ಒಬ್ಬಳನ್ನೇ ಮಾತನಾಡಿಸಿದರು, ತಮ್ಮ ರಿಜಿಸ್ಟರಿನಲ್ಲಿ ಸಹಿ, ಹೆಬ್ಬೆಟ್ಟು ಎರಡನ್ನೂ ಹಾಕಿಸಿಕೊಂಡರು, ಇ-ಸ್ಟಾಂಪ್ ಕಾಗದದ ಪ್ರತಿ ಪುಟಕ್ಕೂ ಮುದ್ರೆ ಒತ್ತಿದರು. ಅದನ್ನು ತೆಗೆದುಕೊಂಡು ತೋಟವಿರುವ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ, ಮೇಜಿನ ಆಚೆ ಕುಳಿತವರು ತಿರುವಿ ನೋಡದೆ ವಾಪಸ್ ಕೊಟ್ಟರು. ‘ನೋಟರಿ ಇಲ್ಲಿ ನಡೆಯುವುದಿಲ್ಲ.’ ಹಾಗಾದರೆ ನ್ಯೂಜೆರ್ಸಿಯಲ್ಲಿರುವ ಅಣ್ಣನದು ಹೇಗೆ ಎಂದು ಕೇಳಿದೆ. ‘ಅವರು ಅಲ್ಲಿಯ ನೋಟರಿಯ ಮುಂದೆ ಮಾಡಿಸಿ ಕಳುಹಿಸಲಿ.’

ಅಣ್ಣನ ಕಥೆ ಬೇರೆ. ನಾನು ಕಳುಹಿಸಿದ ಕನ್ನಡದ ಕರಡನ್ನು ಹಿಡಿದು ಅವನು ತನ್ನ ಬ್ಯಾಂಕಿಗೆ ಹೋದ. ಅಲ್ಲಿ ನೋಟರಿಯೂ ಆಗಿರುವ ಗುಮಾಸ್ತೆ ಓದಲು ಬಾರದ ಲಿಪಿಗೆ ಮುದ್ರೆ ಹಾಕುವುದಿಲ್ಲ ಎಂದಳಂತೆ.

ವಕೀಲರಾದ ಊರಿನ ನೋಟರಿ ಮನೆಗೆ ಬಂದು ಕಣ್ಣಾರೆ ಕಂಡು ಹಾಕಿದ ಮುದ್ರೆಗೆ ಬೆಲೆ ಇಲ್ಲ, ಅಮೆರಿಕದ ಬ್ಯಾಂಕ್ ಗುಮಾಸ್ತೆಯ ಮುದ್ರೆಗೆ ಇದೆ. ಇದು ಕಾನೂನೋ, ಆ ಮೇಜಿನವರ ಸ್ವಂತ ಸೂತ್ರವೋ?

ಸೈಟ್ ನಂಬರ್ 42

ಮೇಡಂ, ನೋಟರಿ ಆದರೆ ಸಾಕು. ನನ್ನ ಭಾವ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆಯೇ ನಿವೇಶನ ಕೊಂಡು ಮನೆ ಕಟ್ಟಿಸಿ ಹದಿನೈದು ವರ್ಷವಾಯಿತು. ಯಾರೂ ಕೇಳಿಲ್ಲ.

ಹಾಸನದ ಪತ್ರ ಬರಹಗಾರ

ನಲವತ್ತೆರಡು ನಂಬರಿನವರೇ, ಯಾರೂ ಕೇಳಿಲ್ಲ ಎಂದರೆ ಇನ್ನೂ ಕೇಳಿಲ್ಲ ಎಂದಷ್ಟೇ ಅರ್ಥ. ಜಿಪಿಎ ಮೂಲಕ ನಡೆಸುವ ಮಾರಾಟದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಭಾವನವರಿಗೆ ಹೇಳಿ, ಕ್ರಯಪತ್ರ ಮಾಡಿಸಿಕೊಳ್ಳಲಿ.

ಟೀಚರ್, ಮೇಜಿನವರ ಮಾತು ಒರಟಾಗಿರಬಹುದು, ಸೂತ್ರ ಅವರದಲ್ಲ. 1908ರ ನೋಂದಣಿ ಕಾಯ್ದೆಯ 33ನೇ ಕಲಮು ನೋಡಿ. ಇನ್ನೊಬ್ಬರ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರ ಪತ್ರವಾದರೆ, ಬರೆದುಕೊಡುವವರು ಭಾರತದಲ್ಲಿ ವಾಸವಾಗಿದ್ದಾಗ ಅದು ಸಬ್ ರಿಜಿಸ್ಟ್ರಾರ್ ಮುಂದೆಯೇ ಆಗಬೇಕು. ಅದೂ ಜಮೀನಿರುವ ಕಡೆಯ ಕಚೇರಿಯಲ್ಲಲ್ಲ, ಬರೆದುಕೊಡುವವರು ವಾಸವಿರುವ ಕಡೆಯದರಲ್ಲಿ. ನಿಮ್ಮ ಅಮ್ಮನಿಗೆ ಅದು ಶಿವಮೊಗ್ಗ. ಹೊರದೇಶದಲ್ಲಿರುವವರಿಗೆ ನಮ್ಮ ಸಬ್ ರಿಜಿಸ್ಟ್ರಾರ್ ಸಿಗುವುದಿಲ್ಲವಲ್ಲ, ಅದಕ್ಕಾಗಿ ನೋಟರಿ, ನ್ಯಾಯಾಲಯ ಅಥವಾ ಭಾರತದ ಕಾನ್ಸುಲ್ ಮುಂದೆ ಆಗಬಹುದು ಎಂದಿದೆ. ನೀವು ಕರೆಸಿದ ನೋಟರಿಯ ಮುದ್ರೆ ಸುಳ್ಳಲ್ಲ. ಬ್ಯಾಂಕಿಗೆ, ವಿದ್ಯುತ್ ಸಂಪರ್ಕದ ಅರ್ಜಿಗೆ ಅದು ಉಪಯೋಗಕ್ಕೆ ಬಂದೀತು. ಈ ಕೆಲಸಕ್ಕೆ ಮಾತ್ರ ಆಗದು.

ಆದರೆ ನನ್ನದೊಂದು ಪ್ರಶ್ನೆ. ಅಮ್ಮನಿಗೆ ಅಧಿಕಾರ ಪತ್ರವೇ ಏಕೆ? ಪಾಲುಪಟ್ಟಿಗೆ ಅಮ್ಮನೇ ಸಹಿ ಹಾಕಲಿ. ದೇಹಸ್ಥಿತಿಯಿಂದ ಬರಲಾಗದವರ ಮನೆಗೆ ನೋಂದಣಾಧಿಕಾರಿ ಹೋಗುವುದಕ್ಕೆ, ಇಲ್ಲವೇ ಹೇಳಿಕೆ ಪಡೆಯಲು ತಮ್ಮ ಪರವಾಗಿ ಒಬ್ಬರನ್ನು (ಕಮಿಷನ್) ಕಳುಹಿಸುವುದಕ್ಕೆ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಕೊಡಿ, ಅದಕ್ಕೆ ಪ್ರತ್ಯೇಕ ಶುಲ್ಕ ಕಟ್ಟಬೇಕಾಗುತ್ತದೆ. ಒಂದು ಪಾಲು ನಿಮ್ಮದು, ಇನ್ನೊಂದು ಪಾಲಿಗೂ ಸಹಿ ನಿಮ್ಮದೇ ಎಂದಾದರೆ ಇವತ್ತು ಇಲ್ಲದ ಜಗಳ ಮೊಮ್ಮಕ್ಕಳ ಕಾಲದಲ್ಲಿ ಹುಟ್ಟುತ್ತದೆ. ಇಂಥ ಮೂರು ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಕೆಟ್ಟ ಮಾತು ಆಡಬಾರದು, ಆದರೂ ಹೇಳುತ್ತೇನೆ: ಬರೆದುಕೊಟ್ಟವರು ತೀರಿಕೊಂಡರೆ ಅಧಿಕಾರ ಪತ್ರವೂ ಅಲ್ಲಿಗೆ ಮುಗಿಯುತ್ತದೆ.

ಅಣ್ಣನಿಗೆ ಜಿಪಿಎ ಬೇಡ, ಈ ಒಂದೇ ಕೆಲಸಕ್ಕೆ ವಿಶೇಷ ಅಧಿಕಾರ ಪತ್ರ ಸಾಕು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಎಲ್ಲವೂ ಇರಲಿ. 11ಇ ನಕ್ಷೆಗೆ (ಜಮೀನು ಪಾಲಾಗುವ ಮೊದಲು ಮಾಡಿಸುವ ಸರ್ವೆ ನಕ್ಷೆ) ಅರ್ಜಿ ಕೊಡುವುದು, ಪಾಲುಪಟ್ಟಿಗೆ ಸಹಿ ಹಾಕುವುದು, ಸಬ್ ರಿಜಿಸ್ಟ್ರಾರ್ ಮುಂದೆ ಹಾಜರಾಗಿ ಒಪ್ಪಿಕೊಳ್ಳುವುದು, ಖಾತೆ ಬದಲಾವಣೆ ಎಂದು ಒಂದೊಂದನ್ನೂ ಬಿಡಿಸಿ ಬರೆಯಿರಿ. ಮಾರುವ ಅಧಿಕಾರ ಸೇರಿಸಬೇಡಿ, ನಿಮಗೆ ಅದು ಬೇಕಿಲ್ಲ.

ಎಡಿಸನ್ ಕನ್ನಡತಿ

ಟೀಚರ್, ನಾನು ನ್ಯೂಜೆರ್ಸಿಯವಳೇ. ಮೈಸೂರಿನ ಮನೆಗಾಗಿ ಎರಡು ಸಲ ಇದನ್ನು ಮಾಡಿಸಿದ್ದೇನೆ, ಏಕೆಂದರೆ ಮೊದಲನೆಯ ಸಲ ಕೆಡಿಸಿದೆ.

ಇಲ್ಲಿಯ ನೋಟರಿ ವಕೀಲರಾಗಿರಬೇಕಿಲ್ಲ. ಒಳಗೆ ಏನು ಬರೆದಿದೆ ಎನ್ನುವುದು ಅವರ ತಲೆನೋವಲ್ಲ, ಎದುರಿಗೆ ನಿಂತು ಸಹಿ ಹಾಕಿದವರು ಯಾರು ಎನ್ನುವುದಷ್ಟೇ ಅವರ ಕೆಲಸ. ಹಾಗಾಗಿ ಪತ್ರ ಇಂಗ್ಲಿಷಿನಲ್ಲಿರಲಿ, ಕನ್ನಡ ಅನುವಾದವನ್ನು ಊರಿನಲ್ಲಿ ಸೇರಿಸಿಕೊಳ್ಳಿ. ಅಣ್ಣ ಮನೆಯಲ್ಲಿಯೇ ಸಹಿ ಹಾಕಿಕೊಂಡು ಹೋಗಬಾರದು, ನೋಟರಿಯ ಎದುರಿಗೇ ಹಾಕಬೇಕು. ಬರಿಯ ಮುದ್ರೆ ಒತ್ತಿಸಿಕೊಂಡು ಬರಬಾರದು. ಪಾಸ್‌ಪೋರ್ಟ್ ನೋಡಿ ಗುರುತು ಖಚಿತಪಡಿಸಿಕೊಂಡೆ ಎಂಬ ವಾಕ್ಯ ಇರಲೇಬೇಕು.

ಆಮೇಲೆ ಅಪೋಸ್ಟಿಲ್. ನೋಟರಿಯ ಮುದ್ರೆ ಅಸಲಿಯೆಂದು ಸರ್ಕಾರ ಕೊಡುವ ದೃಢೀಕರಣ ಅದು. ದೇಶಗಳು ಪರಸ್ಪರ ಅದನ್ನು ಮಾನ್ಯ ಮಾಡುವ ಹೇಗ್ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ನ್ಯೂಜೆರ್ಸಿಯಲ್ಲಿ ಅದನ್ನು ಕೊಡುವುದು ರಾಜ್ಯದ ಖಜಾನೆ ಇಲಾಖೆ. ನಾನು ಕೆಡಿಸಿದ್ದು ಇಲ್ಲಿಯೇ: ಕೆಲಸ ಮ್ಯಾನ್‌ಹಟನ್‌ನಲ್ಲಿದ್ದುದರಿಂದ ಊಟದ ಬಿಡುವಿನಲ್ಲಿ ಅಲ್ಲಿಯ ನೋಟರಿಯ ಬಳಿ ಮಾಡಿಸಿ, ಪತ್ರವನ್ನು ನ್ಯೂಜೆರ್ಸಿಗೆ ಕಳುಹಿಸಿದೆ. ವಾಪಸ್ ಬಂತು. ನೋಟರಿ ಯಾವ ರಾಜ್ಯದವರೋ ಅದೇ ರಾಜ್ಯ ಅಪೋಸ್ಟಿಲ್ ಕೊಡಬೇಕು. ನ್ಯೂಯಾರ್ಕ್‌ನಲ್ಲಾದರೆ ಅದಕ್ಕೂ ಮೊದಲು ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಬೇಕು.

ಇನ್ನೊಂದು ಮಾತು. ಸ್ಕ್ಯಾನ್ ಮಾಡಲೆಂದು ಪಿನ್ನು ಬಿಚ್ಚಬೇಡಿ. ಅಪೋಸ್ಟಿಲ್ ಹಾಳೆ ಮೂಲಪತ್ರದಿಂದ ಬೇರೆಯಾದರೆ ಕಥೆ ಮುಗಿಯಿತು.

ಹಾಸನದ ಪತ್ರ ಬರಹಗಾರ

ಎಡಿಸನ್ ಅಕ್ಕ ಗುರುತಿನ ವಾಕ್ಯದ ಬಗ್ಗೆ ಹೇಳಿದ್ದು ಸರಿ. 1970ರ ಜುಗರಾಜ್ ಸಿಂಗ್ ಪ್ರಕರಣದಲ್ಲಿ ಇದ್ದದ್ದೂ ಕ್ಯಾಲಿಫೋರ್ನಿಯಾದ ನೋಟರಿಯೇ. ವಿದೇಶದ ನೋಟರಿ ಆಗಬಹುದು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಮೊದಲ ಪತ್ರದಲ್ಲಿ ಗುರುತು ಖಚಿತಪಡಿಸಿಕೊಂಡ ಮಾತು ಇಲ್ಲವೆಂದು ತೊಡಕಾಗಿ, ಎರಡನೆಯ ಪತ್ರ ಕಾಪಾಡಿತು.

ಪತ್ರ ಕೈಸೇರಿದ ಮೇಲೆ ಮರೆಯಬೇಡಿ: ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಬಂದ ದಿನಾಂಕಕ್ಕೆ ಕೊರಿಯರ್ ಕವರೇ ಸಾಕ್ಷಿ, ಅದನ್ನು ಎಸೆಯಬೇಡಿ. ಪಹಣಿಯಲ್ಲಿರುವ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ವ್ಯತ್ಯಾಸವಿದ್ದರೆ ಎರಡನ್ನೂ ಪತ್ರದಲ್ಲಿ ಕಾಣಿಸಿ.

ಅಡಿಕೆತೋಟದ ಟೀಚರ್

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಅಮ್ಮನ ಅಧಿಕಾರ ಪತ್ರದ ಯೋಚನೆ ಬಿಟ್ಟೆ. ಪಾಲುಪಟ್ಟಿ ಸಿದ್ಧವಾದ ಮೇಲೆ ಮನೆಗೆ ಬರಲು ಅರ್ಜಿ ಕೊಡುತ್ತೇನೆ. ಅವಳು ಈಗಲೇ ಯಾವ ಸೀರೆ ಉಡಬೇಕೆಂದು ಕೇಳುತ್ತಿದ್ದಾಳೆ. ಅಣ್ಣನ ಪತ್ರ ಅಪೋಸ್ಟಿಲ್ ಸಮೇತ ಕಳೆದ ಶುಕ್ರವಾರ ಬಂತು, ಪಿನ್ನು ಮುಟ್ಟಿಲ್ಲ.

ಒಂದೇ ಒಂದು ಸಂದೇಹ. ಕೊರಿಯರ್ ಕವರನ್ನು ನಾನು ಹುಡುಕುವಷ್ಟರಲ್ಲಿ ಅಮ್ಮ ಅದರ ಬೆನ್ನಿನ ಮೇಲೆ ಈ ವಾರದ ಹಾಲಿನ ಲೆಕ್ಕ ಬರೆದಿದ್ದಾಳೆ. ಮುಂಬದಿಯ ದಿನಾಂಕ ಸ್ಪಷ್ಟವಾಗಿದೆ. ನಡೆಯುತ್ತದೆಯೇ?

ಹಾಸನದ ಪತ್ರ ಬರಹಗಾರ

ನಡೆಯುತ್ತದೆ ಟೀಚರ್. ಹಾಲಿನ ಲೆಕ್ಕವನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ, ಕವರು ಕಡತದಲ್ಲಿ ಸೇರಿಹೋಗುತ್ತದೆ.