ಪದಚರ್ಚೆ: 'ಕೌಮ್‌ಪರಸ್ತ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಪಾಕಿಸ್ತಾನದ ಬಲೂಚಿಸ್ತಾನ ಪ್ರಾಂತ್ಯದ ಮೊದಲ ಮುಖ್ಯಮಂತ್ರಿ ಸರ್ದಾರ್ ಅತಾವುಲ್ಲಾ ಮೆಂಗಲ್ ಬಗ್ಗೆ ಎರಡು ಪುಟದ ಪರಿಚಯ ಬರೆಯುತ್ತಿದ್ದೆ. ತಮ್ಮ ಜನರ, ತಮ್ಮ ನಾಡಿನ ಹಕ್ಕಿಗಾಗಿ ನಿಂತ ಅಂಥ ನಾಯಕರಿಗೆ ಉರ್ದುವಿನಲ್ಲಿ ಬಳಸುವ ಮಾತು 'ಕೌಮ್‌ಪರಸ್ತ್'. ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಉರ್ದು ಬಲ್ಲ ಗೆಳೆಯನಿಗೆ ಹಾಳೆ ಕೊಟ್ಟೆ. ಅವನು ಪೆನ್ಸಿಲಿನಲ್ಲಿ ಪದ ಹೊಡೆದುಹಾಕಿ ಮೇಲೆ 'ಕೋಮುವಾದಿ' ಅಂತ ಬರೆದ. "ಕೌಮ್ ಅಂದ್ರೆ ಕೋಮು ತಾನೆ?" ಅಂದ. ಬೇರು ಒಂದೇ, ಅದರಲ್ಲಿ ತಪ್ಪಿಲ್ಲ. ಆದರೆ ಹಾಗೇ ಅಚ್ಚಾಗಿದ್ದರೆ ಆ ಮನುಷ್ಯನ ಇಡೀ ರಾಜಕೀಯವೇ ತಲೆಕೆಳಗಾಗುತ್ತಿತ್ತು.

ಅರಬ್ಬಿಯ ಕೌಮ್ ಉರ್ದುವಿನಲ್ಲಿ ದೇಶದ ಮಟ್ಟಕ್ಕೆ ಏರಿದೆ. ಪಾಕಿಸ್ತಾನದ ಸಂಸತ್ತಿನ ಕೆಳಮನೆ 'ಕೌಮಿ ಅಸೆಂಬ್ಲಿ', ಅಲ್ಲಿಯ ರಾಷ್ಟ್ರಗೀತೆ 'ಕೌಮಿ ತರಾನಾ'. ನಮ್ಮಲ್ಲಿ ಅದೇ ಪದ ಕೋಮು ಆಗಿ ಜಾತಿ, ಪಂಗಡ ಅನ್ನುವ ಅರ್ಥಕ್ಕೆ ಇಳಿಯಿತು. ಹಳೆಯ ಬರಹಗಳಲ್ಲಿ 'ಹಿಂದುಳಿದ ಕೋಮುಗಳು' ಅಂತ ಸಿಗುತ್ತದಲ್ಲ, ಅಲ್ಲಿ ಬೈಗುಳದ ವಾಸನೆ ಏನೂ ಇಲ್ಲ. ಈಗ ಮಾತ್ರ ಕೋಮು ಅಂದ ಕೂಡಲೇ ಮುಂದಿನ ಪದ ಗಲಭೆ. ತಮಾಷೆ ಏನೆಂದರೆ ಪಂಜಾಬಿನ ಹಳೆಯ ಜಮೀನು ದಾಖಲೆಗಳಲ್ಲೂ ಕೌಮ್ ಅಂದರೆ ಜಾತಿಯೇ. ಅಂದರೆ ಗೆಳೆಯ ಪೂರ್ತಿ ತಪ್ಪೂ ಅಲ್ಲ.

ಸರಿ, 'ರಾಷ್ಟ್ರವಾದಿ' ಅನ್ನೋಣವೇ? ಕನ್ನಡದಲ್ಲಿ ಇವತ್ತು ಅದನ್ನು ಓದಿದವರು ಪಾಕಿಸ್ತಾನದ ಪರ ಇದ್ದವರು ಅಂದುಕೊಳ್ಳುತ್ತಾರೆ, ಅಂದರೆ ನೇರ ಉಲ್ಟಾ. ಪತ್ರಿಕೆಗಳಂತೆ 'ಪ್ರತ್ಯೇಕತಾವಾದಿ' ಅಂದರೆ? ಅದಕ್ಕೆ ಅವರ ಬದುಕೇ ಅಡ್ಡ ಬರುತ್ತದೆ. 1972ರ ಮೇ 1ರಂದು ಮುಖ್ಯಮಂತ್ರಿಯಾದರು, ನ್ಯಾಷನಲ್ ಅವಾಮಿ ಪಾರ್ಟಿಯಿಂದ, ಚುನಾವಣೆ ಗೆದ್ದು. ಗೌಸ್ ಬಕ್ಷ್ ಬಿಜೆಂಜೊ ಗವರ್ನರ್. ಪ್ರಾಂತ್ಯದ ಆಡಳಿತ ಭಾಷೆ ಅಂತ ಆ ಸರ್ಕಾರ ಆರಿಸಿದ್ದು ಉರ್ದುವನ್ನು, ಬಲೂಚಿಯನ್ನಲ್ಲ! ಭಾಷೆಯ ಹೋರಾಟ ಕಂಡ ನಮಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಬಲೂಚಿ, ಬ್ರಾಹುಯಿ, ಪಶ್ತೊ ಮೂರೂ ಇರುವ ಕಡೆ ಒಂದನ್ನು ಎತ್ತಿ ಕೂರಿಸಿದರೆ ಉಳಿದ ಎರಡು ಮುನಿಸಿಕೊಳ್ಳುತ್ತವೆ. ಇನ್ನೊಂದು ವಿಚಿತ್ರ: ಸರ್ದಾರಿ ಪದ್ಧತಿಯೇ ರದ್ದಾಗಲಿ ಅಂತ ಅಸೆಂಬ್ಲಿಯಲ್ಲಿ ನಿರ್ಣಯ ಆಗಿದ್ದು ಈ ಸರ್ದಾರರ ಕಾಲದಲ್ಲೇ. (ನಮ್ಮ ಕಿವಿಗೆ ಸರ್ದಾರ ಅಂದರೆ ಸಿಖ್ಖರು, ಇಲ್ಲವೇ ಪಟೇಲರು. ಅಲ್ಲಿ ಅದು ಬುಡಕಟ್ಟಿನ ವಂಶಪಾರಂಪರ್ಯ ಯಜಮಾನಿಕೆ.) 1973ರ ಫೆಬ್ರವರಿಯಲ್ಲಿ ಇಸ್ಲಾಮಾಬಾದಿನ ಇರಾಕ್ ರಾಯಭಾರ ಕಚೇರಿಯಲ್ಲಿ ಶಸ್ತ್ರಾಸ್ತ್ರ ಸಿಕ್ಕವು, ಅವು ಬಲೋಚ್ ಬಂಡುಕೋರರಿಗೆ ಅಂತ ಆರೋಪ ಬಂತು, ಅದರ ಬೆನ್ನಲ್ಲೇ ಆಗಿನ ಪಾಕಿಸ್ತಾನದ ಅಧ್ಯಕ್ಷ ಭುಟ್ಟೊ ಈ ಸರ್ಕಾರವನ್ನು ವಜಾ ಮಾಡಿದರು. ಒಂಬತ್ತೂವರೆ ತಿಂಗಳು, ಅಷ್ಟೇ. ಆಮೇಲೆ ಜೈಲು, ದೇಶದ್ರೋಹದ ಆರೋಪದ ಮೇಲೆ ಹೈದರಾಬಾದಿನ ವಿಚಾರಣೆ (ಸಿಂಧ್‌ನ ಹೈದರಾಬಾದ್, ನಮ್ಮ ಪಕ್ಕದ್ದಲ್ಲ), ಲಂಡನ್ ವಾಸ.

ಲಂಡನ್ನಿನಲ್ಲಿ 1985ರಲ್ಲಿ ಸಿಂಧಿ, ಬಲೋಚ್, ಪಶ್ತೂನ್ ನಾಯಕರು ಸೇರಿ ಒಂದು ರಂಗ ಕಟ್ಟಿ ಕಾನ್ಫೆಡರೇಷನ್ ಬೇಕು ಅಂದರು, ಅಂದರೆ ಹೆಚ್ಚಿನ ಅಧಿಕಾರ ಪ್ರಾಂತ್ಯಗಳಿಗೇ ಇದ್ದು ಕೇಂದ್ರಕ್ಕೆ ಕಡಿಮೆ ಇರುವ ಏರ್ಪಾಡು. ನಾವು ಫೆಡರೇಷನ್ನಿಗೂ ಒಕ್ಕೂಟ ಅಂತೀವಿ, ಇದಕ್ಕೂ ಒಕ್ಕೂಟ ಅಂತೀವಿ. ಅವರ ಜಗಳ ಇದ್ದದ್ದೇ ಆ ಎರಡರ ನಡುವಿನ ಅಂತರದಲ್ಲಿ. 'ಸಡಿಲ ಒಕ್ಕೂಟ' ಅಂತ ಬರೆದೆ, ತೃಪ್ತಿ ಇಲ್ಲ. ಮುಂದೆ ವಾಪಸ್ ಬಂದು 1996ರಲ್ಲಿ ಬಲೂಚಿಸ್ತಾನ್ ನ್ಯಾಷನಲ್ ಪಾರ್ಟಿ ಕಟ್ಟಿದರು. ಮರುವರ್ಷ ಮಗ ಅಖ್ತರ್ ಮುಖ್ಯಮಂತ್ರಿ. ಪ್ರತ್ಯೇಕತಾವಾದಿಯ ಹಣೆಪಟ್ಟಿ ಇಲ್ಲಿ ಎಲ್ಲಿ ಅಂಟುತ್ತದೆ ಹೇಳಿ.

ನನಗೆ ತೋಚಿದ್ದು 'ಪರ'. ಕನ್ನಡಪರ ಹೋರಾಟಗಾರ ಅಂತೀವಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಾಗೇ 'ಬಲೋಚ್‌ಪರ ನಾಯಕ'? ತೊಡಕು ಏನೆಂದರೆ ಹೊರಗಿನವರೂ ಬಲೋಚ್‌ಪರ ಇರಬಹುದು. 'ಬಲೋಚ್ ನಾಡವಾದಿ' ಅಂದರೆ ಅರ್ಥ ಹತ್ತಿರ ಬರುತ್ತದೆ, ಕಿವಿಗೆ ಮಾತ್ರ ಇನ್ನೂ ಹೊಸದು. ನನ್ನ ಒಲವು ಅದರ ಕಡೆಗೇ.

ಬಲೋಚ್ ಅಂದೆ, ಬಲೂಚಿ ಅನ್ನಲಿಲ್ಲ. ಬಲೂಚಿ ಭಾಷೆಯ ಹೆಸರು, ಬಲೋಚ್ ಜನರ ಹೆಸರು. ನಮ್ಮ ಪತ್ರಿಕೆಗಳು 'ಬಲೂಚಿಗಳು' ಅಂತ ಬರೆಯುವುದು ಬೆಂಗಾಲಿಗಳು, ಪಂಜಾಬಿಗಳು ಇದ್ದ ಹಾಗೆ ಅಂದುಕೊಂಡು. ಮೆಂಗಲರ ವಿಷಯದಲ್ಲಿ ಇದು ಸುಮ್ನೆ ಕಾಗುಣಿತದ ಮಾತಲ್ಲ. ಮೆಂಗಲ್ ಬುಡಕಟ್ಟಿನ ಮಾತು ಬ್ರಾಹುಯಿ, ನಮ್ಮದೇ ದ್ರಾವಿಡ ಬಳಗದ್ದು! ಎರಡಕ್ಕೆ ಇರಟ್, ಮೂರಕ್ಕೆ ಮುಸಿಟ್, ಕಣ್ಣಿಗೆ ಖನ್. ನಾಲ್ಕರಿಂದ ಆಚೆ ಎಣಿಕೆ ಪೂರ್ತಿ ಹೊರಗಿನಿಂದ ಬಂದದ್ದು. ಮಾತು ಬ್ರಾಹುಯಿ ಆದರೂ ಅವರು ತಮ್ಮನ್ನು ಬಲೋಚ್ ಅಂತಲೇ ಕರೆದುಕೊಳ್ಳುತ್ತಾರೆ. ಅವರನ್ನು 'ಬಲೂಚಿಗಳು' ಅಂದರೆ ಹೇಗೆ?

ಕೊನೆಯದು ಬರೆಯಲು ಕಷ್ಟವಾದ ವಾಕ್ಯ. ಅತಾವುಲ್ಲಾರ ಇನ್ನೊಬ್ಬ ಮಗ ಅಸದ್ 1976ರ ಫೆಬ್ರವರಿಯಲ್ಲಿ ಕರಾಚಿಯಲ್ಲಿ ಅಪಹರಣವಾಗಿ ಕಣ್ಮರೆಯಾದರು. ಹೆಣವೂ ಸಿಗಲಿಲ್ಲ. ಅತಾವುಲ್ಲಾ ತೀರಿಕೊಂಡದ್ದು 2021ರ ಸೆಪ್ಟೆಂಬರಿನಲ್ಲಿ, ಅದೇ ಕರಾಚಿಯಲ್ಲಿ. ಉರ್ದುವಿನಲ್ಲಿ ಅಸದ್‌ರಂಥವರಿಗೆ 'ಲಾಪತಾ' ಅಂತಾರೆ, ನಮ್ಮ 'ನಾಪತ್ತೆ' ಅದರ ಪಕ್ಕದ ಮನೆಯದು. ಆದರೆ ಕನ್ನಡದಲ್ಲಿ ನಾಪತ್ತೆ ಅಂದರೆ ಸಾಲ ಮಾಡಿ ತಲೆಮರೆಸಿಕೊಂಡವನೂ ಆಗಬಹುದು, ಮನೆ ಬಿಟ್ಟು ಓಡಿಹೋದವನೂ ಆಗಬಹುದು. 'ಕಾಣೆಯಾದರು' ಅಂದರೂ ತಾವಾಗಿಯೇ ಹೋದ ಹಾಗೆ. ಯಾರೋ ಮಾಡಿದ ಕೆಲಸ ಅನ್ನುವುದು ಪದದಲ್ಲೇ ಕಾಣಬೇಕು. 'ಕಾಣೆ ಮಾಡಿದರು' ಅಂತ ಬರೆದಿದ್ದೇನೆ. ಈ ಬಳಕೆ ನಿಮ್ಮ ಕಡೆ ಯಾರಾದರೂ ಕೇಳಿದ್ದೀರಾ?