ಸಾವಿರ ವರ್ಷದ ಆಳ್ವಿಕೆ ಬಗ್ಗೆ ನಮ್ಮ ಸಭೆಯೊಳಗ ಯಾಕ ಯಾರೂ ಮಾತಾಡಂಗಿಲ್ಲ?

ಗದಗಿನವ:
ಎಲ್ಲಾರಿಗೂ ವಂದನೆ. ನಾವು ಗದಗ-ಬೆಟಗೇರಿ ಕಡೆಯವರು, ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ತಂಗೀನ ಹುಬ್ಬಳ್ಳಿಗೆ ಕೊಟ್ಟೀವಿ, ಅವರ ಮನಿಯವರು ಪೆಂತೆಕೋಸ್ತ್ ಸಭೆಗೆ ಹೋಗ್ತಾರ. ಹೋದ ತಿಂಗಳ ಅಲ್ಲಿಗೆ ಹೋಗಿದ್ದೆ, ಗ್ವಾಡಿ ತುಂಬಾ ಒಂದು ಚಾರ್ಟ್ ಹಚ್ಚ್ಯಾರ, ಎಡಕ್ಕ ಏದೆನ್ ತೋಟ, ಬಲಕ್ಕ ಹೊಸ ಯೆರೂಸಲೇಮ್, ನಡುವ ಸಭೆ ಮ್ಯಾಲೆ ಎತ್ತಲ್ಪಡೋದು, ಏಳು ವರ್ಷ ಮಹಾಸಂಕಟ, ಆಮ್ಯಾಲೆ ಕ್ರಿಸ್ತ ಇಳದು ಬಂದು ಯೆರೂಸಲೇಮಿನ್ಯಾಗ ಕುಂತು ಸಾವಿರ ವರ್ಷ ಈ ಭೂಮೀನ ಆಳ್ತಾನ ಅಂತ. ನಾ ಹುಟ್ಟಿದಾಗಿಂದ ಸಭೆಗೆ ಹೋಗಾಕತ್ತೀನಿ, ಕ್ರಿಸ್ತನ ಎರಡನೇ ಬರೋಣ ಅಂದ್ರ ಗೊತ್ತೈತಿ, ಕ್ರಿಸ್ಮಸ್ ಹಿಂದಿನ ಅಡ್ವೆಂಟ್ ಟೈಮಿನ್ಯಾಗ ಪ್ರಸಂಗ ಕೇಳೀನಿ, ಆದ್ರ ಈ ಸಾವಿರ ವರ್ಷದ ಲೆಕ್ಕ ನಮ್ಮ ಸಭಾಪಾಲಕರು ಒಬ್ಬರೂ ಹೇಳಿಲ್ಲ. ತಂಗಿ ಗಂಡ ಅಂತೂ "ಇದನ್ನ ನಂಬದಿದ್ರ ರಕ್ಷಣೆ ಇಲ್ಲ" ಅಂದುಬಿಟ್ಟ.

ಇದು ಎಲ್ಲಾ ಕ್ರೈಸ್ತರು ನಂಬಲೇಬೇಕಾದ್ದೋ, ಅವರವರ ಸಭೆಯ ವಿಚಾರವೋ? ಮನಿಗೆ ಬಂದು ಬೈಬಲ್ಲಿನ ಕೊನೀ ಪುಸ್ತಕ ಪ್ರಕಟನೆ, ಅದರ 20ನೇ ಅಧ್ಯಾಯ ಓದಿದೆ, ಅಲ್ಲಿ ಇನ್ನೊಂದು ಸಿಕ್ಕಿ ಹಾಕ್ಕೊಂತು. ಸೈತಾನನ್ನ ಸರಪಣಿ ಹಾಕಿ ಅಧೋಲೋಕಕ್ಕ ದಬ್ಬಿ ಮುದ್ರಿ ಹಾಕ್ತಾರ, ಚಲೋ ಆತು. ಸಾವಿರ ವರ್ಷ ಆದ ಮ್ಯಾಲೆ ಮತ್ತ ಯಾಕ ಬಿಡ್ತಾರ? ಹಿಡದು ಕಟ್ಟಿದ್ದನ್ನ ಬಿಡೋದು ಯಾವ ಪುರುಷಾರ್ಥಕ್ಕ? ತಿಳದವರು ಹೇಳ್ರಿ.

ಲಾಲ್‌ಬಾಗ್_ಓದುಗ:
ನಿಮ್ಮ ಭಾವನ ಮಾತು ಮೊದಲು ತೆಗೆದು ಪಕ್ಕಕ್ಕಿಡಿ. ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿ ಇರೋದು ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸೋಕೆ ಕ್ರಿಸ್ತ ಬರ್ತಾನೆ ಅಂತ ಅಷ್ಟೇ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಒಪ್ಪಿದ ನೈಸೀಯ ಪ್ರಮಾಣ ಅದಕ್ಕೆ ಆತನ ರಾಜ್ಯಕ್ಕೆ ಅಂತ್ಯ ಇಲ್ಲ ಅನ್ನೋದನ್ನ ಸೇರಿಸುತ್ತೆ. ಎರಡರಲ್ಲೂ ಸಾವಿರ ಅನ್ನೋ ಸಂಖ್ಯೆ ಇಲ್ಲ. ಸಿಎಸ್‌ಐ ಒಪ್ಪಿಕೊಂಡಿರೋದು ಈ ಎರಡನ್ನೇ, ಹಾಗಾಗಿ ನಿಮ್ಮ ಪಾಸ್ಟರು ಏನೋ ಮುಚ್ಚಿಟ್ಟಿದ್ದಾರೆ ಅಂತಲ್ಲ.

ಸಾವಿರ ವರ್ಷ ಅನ್ನೋದು ಆ ಒಂದೇ ಅಧ್ಯಾಯದಲ್ಲಿ, 2ರಿಂದ 7ನೇ ವಚನದೊಳಗೆ ಆರು ಸಲ ಬರುತ್ತೆ, ಕ್ರಿಸ್ತನ ಆಳ್ವಿಕೆಗೆ ಆ ಸಂಖ್ಯೆ ಬೈಬಲ್‌ನಲ್ಲಿ ಬೇರೆಲ್ಲೂ ಇಲ್ಲ. ಯೆರೂಸಲೇಮಿನ ಸಿಂಹಾಸನ, ದೇವಾಲಯ, ತೋಳ ಕುರಿಮರಿ ಜೊತೆ ವಾಸ ಮಾಡೋದು ಇದ್ಯಾವುದೂ ಆ ವಚನಗಳಲ್ಲಿಲ್ಲ, ಅದನ್ನೆಲ್ಲ ಯೆಶಾಯ, ಯೆಹೆಜ್ಕೇಲ, ಜೆಕರ್ಯದಿಂದ ತಂದು ಜೋಡಿಸ್ತಾರೆ. ಜೋಡಿಸಬಹುದಾ ಅನ್ನೋದೇ ಜಗಳ.

ಒಂದು ಗುಂಪು ಕ್ರಿಸ್ತ ಮೊದಲು ಬರ್ತಾನೆ ಆಮೇಲೆ ಸಾವಿರ ವರ್ಷ ಅನ್ನುತ್ತೆ, ನೀವು ನೋಡಿದ ಚಾರ್ಟ್ ಇದರದೇ ಒಂದು ಬ್ರಾಂಚು. ಇನ್ನೊಂದು ಗುಂಪು ಸುವಾರ್ತೆ ಲೋಕ ಪೂರ್ತಿ ಹರಡಿ ಒಳ್ಳೇ ಕಾಲ ಬರುತ್ತೆ, ಆ ಕಾಲ ಮುಗಿದ ಮೇಲೆ ಕ್ರಿಸ್ತ ಬರ್ತಾನೆ ಅನ್ನುತ್ತೆ, ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಈ ಕಡೆಯವರು, 19ನೇ ಶತಮಾನದ ಮಿಶನರಿಗಳಲ್ಲಿ ತುಂಬಾ ಜನಕ್ಕೆ ಈ ಉತ್ಸಾಹ ಇತ್ತು, ಮೊದಲನೇ ಮಹಾಯುದ್ಧ ನೋಡಿದ ಮೇಲೆ ಲೋಕ ಸುಧಾರಿಸ್ತಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಮೂರನೇದು 4-5ನೇ ಶತಮಾನದ ಬಿಷಪ್ ಅಗಸ್ಟಿನ್ ದಾರಿ, ಅಂದ್ರೆ ಆ ಸಾವಿರ ವರ್ಷ ಈಗಲೇ ನಡೀತಿದೆ, ಕ್ರಿಸ್ತನ ಮೊದಲನೇ ಬರೋಣದಿಂದ ಎರಡನೇ ಬರೋಣದವರೆಗಿನ ಸಭೆಯ ಕಾಲವೇ ಅದು, ಸಂಖ್ಯೆ ಸಾಂಕೇತಿಕ. ಅಗಸ್ಟಿನ್ ಮೊದಲು ಭೂಮಿ ಮೇಲಿನ ಆಳ್ವಿಕೆಯನ್ನೇ ಒಪ್ಪಿದ್ದವರು, ಆಮೇಲೆ ಬಿಟ್ಟರು, 'ದೇವರ ನಗರ'ದ 20ನೇ ಪುಸ್ತಕದಲ್ಲಿ ಅವರೇ ಹೇಳಿಕೊಂಡಿದ್ದಾರೆ. ನಾನು ಈ ಮೂರನೇ ಕಡೆಯವನು, ಮೊದಲೇ ಹೇಳಿಬಿಡ್ತೀನಿ.

ಮಾರನಾಥ_ಹುಬ್ಳಿ:
ಪ್ರೈಸ್ ದ ಲಾರ್ಡ್. ನಾವೂ ಪೆಂತೆಕೋಸ್ತ್‌ನವರೇ. ಗದಗಿನ ಬ್ರದರ್, ರಕ್ಷಣೆ ಕೃಪೆಯಿಂದ, ಚಾರ್ಟಿನಿಂದ ಅಲ್ಲ, ನಿಮ್ಮ ಭಾವನಿಗೆ ಪ್ರೀತಿಯಿಂದ ಹೇಳಿ.

ಆದ್ರೆ ಲಾಲ್‌ಬಾಗ್ ಬ್ರದರ್ ಎಲ್ಲೋ ಒಂದು ಅಧ್ಯಾಯದಲ್ಲಿ ಇದೆ ಅಂತ ಸಣ್ಣ ಮಾಡ್ತಾ ಇದ್ದಾರಲ್ಲ, ಅದು ಸರಿ ಇಲ್ಲ. ಪ್ರಕಟನೆ 19ರಲ್ಲಿ ಕರ್ತನು ಬಿಳೀ ಕುದುರೆ ಮೇಲೆ ಬರ್ತಾನೆ, ಮೃಗ ಮತ್ತು ಸುಳ್ಳುಪ್ರವಾದಿ ಬೆಂಕಿಯ ಕೆರೆಗೆ ಬೀಳ್ತಾರೆ, 20ರಲ್ಲಿ ಸೈತಾನನನ್ನ ಕಟ್ಟುತ್ತಾರೆ, ಇದನ್ನ ಓದಿದ ಯಾವ ಸಾಮಾನ್ಯ ವಿಶ್ವಾಸಿಗೂ ಒಂದಾದ ಮೇಲೆ ಒಂದು ನಡೆಯುತ್ತೆ ಅಂತಾನೇ ಅರ್ಥ ಆಗೋದು, 19 ಮುಗಿದ ತಕ್ಷಣ ಕಥೆ ಹಿಂದಕ್ಕೆ ಹೋಗಿ ಮೊದಲನೇ ಬರೋಣಕ್ಕೆ ನಿಂತಿತು ಅಂತ ಅನ್ನಿಸಬೇಕಾದ್ರೆ ಯಾರಾದ್ರೂ ಬಂದು ಹೇಳಿಕೊಡಬೇಕು. ಯೆಶಾಯ 65:20 ನೋಡಿ, ಜನ ತುಂಬಾ ವರ್ಷ ಬದುಕ್ತಾರೆ, ನೂರು ವರ್ಷಕ್ಕೆ ಸತ್ತವನು ಹುಡುಗ ಅನ್ನಿಸ್ಕೊಳ್ತಾನೆ, ಅಂದ್ರೆ ಮರಣ ಇನ್ನೂ ಇದೆ. ಪರಲೋಕದಲ್ಲಿ ಮರಣ ಇಲ್ಲ, ಈಗಿನ ಲೋಕದಲ್ಲಿ ನೂರು ವರ್ಷದವನು ಹುಡುಗ ಅಲ್ಲ. ಹಾಗಾದ್ರೆ ಎರಡರ ನಡುವೆ ಒಂದು ಕಾಲ ಇರಲೇಬೇಕಲ್ವಾ? ಕರ್ತನು ಬೆತ್ಲೆಹೇಮಲ್ಲಿ ಹುಟ್ಟಿದ್ದು ಅಕ್ಷರಶಃ ನೆರವೇರಿತು, ಕತ್ತೆ ಮೇಲೆ ಬಂದದ್ದು ಅಕ್ಷರಶಃ ನೆರವೇರಿತು, ದಾವೀದನ ಸಿಂಹಾಸನ ಮಾತ್ರ ಸಾಂಕೇತಿಕ ಯಾಕೆ?

ಸೈತಾನ ಈಗಲೇ ಕಟ್ಟಲ್ಪಟ್ಟಿದ್ದಾನೆ ಅಂತೀರಲ್ಲ, ಪೇತ್ರನು ಗರ್ಜಿಸೋ ಸಿಂಹದ ಹಾಗೆ ತಿರುಗಾಡ್ತಿದ್ದಾನೆ ಅಂತ ಬರೆದಿದ್ದಾನೆ. ಇದು ಹೊಸ ಬೋಧನೆಯೂ ಅಲ್ಲ, ಎರಡನೇ ಶತಮಾನದ ಕ್ರೈಸ್ತ ಬರಹಗಾರರಾದ ಜಸ್ಟಿನ್, ಐರೇನಿಯಸ್ ಇಬ್ಬರೂ ನಂಬಿದ್ದರು. ಅಗಸ್ಟಿನ್ ಬಂದಿದ್ದು ಆಮೇಲೆ.

ಬೊಂದೇಲ್_ಕಡೆ:
ನಾವು ಕಥೋಲಿಕರು ಮಾರಾಯ್ರೆ, ನಮ್ಮಲ್ಲಿ ಈ ಗಲಾಟೆ ಇಲ್ಲ. ಅಡ್ವೆಂಟಿನ ಹಿಂದಿನ ಭಾನುವಾರ ಕ್ರಿಸ್ತ ರಾಜರ ಹಬ್ಬ ಉಂಟು, 1925ರಲ್ಲಿ ಹನ್ನೊಂದನೇ ಪಿಯುಸ್ ಪೋಪರು ಶುರು ಮಾಡಿದ್ದು (ಮೊದಲು ಅಕ್ಟೋಬರಿನಲ್ಲಿ ಇತ್ತು), ಆಳ್ವಿಕೆ ಅಂದ್ರೆ ನಮಗೆ ಅದೇ. ಕೊನೇ ತೀರ್ಪಿಗೆ ಮೊದಲು ಕ್ರಿಸ್ತ ಕಣ್ಣಿಗೆ ಕಾಣುವ ಹಾಗೆ ಭೂಮಿಗೆ ಬಂದು ಆಳುವುದು ಅನ್ನುವುದನ್ನು, ಅದು ಎಷ್ಟೇ ಮೆದು ರೂಪದಲ್ಲಿದ್ದರೂ, ಸುರಕ್ಷಿತ ಬೋಧನೆ ಅಂತ ಕಲಿಸ್ಲಿಕ್ಕೆ ಆಗುದಿಲ್ಲ ಅಂತ 1944ರಲ್ಲಿ ರೋಮಿನಿಂದ ಆದೇಶ ಬಂದಿದೆ. ನಮ್ಮ ಸಭೆಯ ಬೋಧನೆಯ ಪುಸ್ತಕ ಧರ್ಮೋಪದೇಶದ 676ನೇ ಕಲಮಿನಲ್ಲಿ ಕೂಡ ಉಂಟು, ನೋಡಿ ಬೇಕಾದ್ರೆ.

ಹಳೇ_ಕಡತ:
ಮಾರನಾಥ ಅವರೇ, ಜಸ್ಟಿನ್ ಹೆಸರು ಹೇಳಿದ್ರಿ, ಅರ್ಧ ಹೇಳಿದ್ರಿ. ಟ್ರಿಫೋ ಅನ್ನೋ ಯೆಹೂದ್ಯನ ಜೊತೆಗಿನ ಸಂವಾದದಲ್ಲಿ ತಾನು ಮತ್ತು ಇನ್ನೂ ಹಲವರು ಯೆರೂಸಲೇಮಿನ ಸಾವಿರ ವರ್ಷ ನಂಬ್ತೀವಿ ಅಂತ ಬರೆದಿದ್ದಾರೆ ನಿಜ, ಅದೇ ಉಸಿರಲ್ಲಿ ಶುದ್ಧ ಭಕ್ತಿಯುಳ್ಳ ಕ್ರೈಸ್ತರಲ್ಲಿ ಹಲವರು ಹಾಗೆ ನಂಬಲ್ಲ ಅಂತಾನೂ ಬರೆದಿದ್ದಾರೆ. ಆ ಕಾಲದಲ್ಲೇ ಎರಡೂ ಇತ್ತು, ಒಬ್ಬರನ್ನೊಬ್ಬರು ಹೊರಗೆ ಹಾಕಿರಲಿಲ್ಲ.

ಇನ್ನೊಂದು, ಐರೇನಿಯಸ್ ನಂಬಿದ್ದಕ್ಕೂ ಚಾರ್ಟಿನಲ್ಲಿ ಇರೋದಕ್ಕೂ ವ್ಯತ್ಯಾಸ ಇದೆ. ಮಹಾಸಂಕಟಕ್ಕೆ ಮೊದಲೇ ಸಭೆ ಗುಟ್ಟಾಗಿ ಎತ್ತಲ್ಪಡುತ್ತೆ ಅನ್ನೋದನ್ನ ವ್ಯವಸ್ಥಿತವಾಗಿ ಹರಡಿದ್ದು 19ನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿ, ಬ್ರದರನ್ ಸಭೆಯವರು, ಅದನ್ನ ಮನೆಮನೆಗೆ ಮುಟ್ಟಿಸಿದ್ದು 1909ರ ಸ್ಕೋಫೀಲ್ಡ್ ಬೈಬಲ್, ವಾಕ್ಯದ ಕೆಳಗೇ ಟಿಪ್ಪಣಿ ಇದ್ದದ್ದರಿಂದ ಎಷ್ಟೋ ಜನಕ್ಕೆ ಯಾವುದು ವಾಕ್ಯ ಯಾವುದು ಟಿಪ್ಪಣಿ ಅಂತ ಬೇರೆ ಮಾಡೋಕೇ ಆಗಲಿಲ್ಲ. ಐರೇನಿಯಸ್ ಬರೆದಿರೋದು ಬೇರೇನೇ ರುಚಿ. ಪಪಿಯಾಸ್ ಅನ್ನೋ ಹಿರಿಯರಿಂದ ಬಂದ ಮಾತು ಅಂತ ಹೇಳ್ತಾರೆ, ಆ ಕಾಲದಲ್ಲಿ ಒಂದೊಂದು ದ್ರಾಕ್ಷಿಬಳ್ಳಿಗೆ ಹತ್ತು ಸಾವಿರ ಕೊಂಬೆ, ಕೊಂಬೆಗೆ ಹತ್ತು ಸಾವಿರ ಟಿಸಿಲು, ಹೀಗೇ ಹೋಗಿ ಗೊಂಚಲಿಗೆ ಹತ್ತು ಸಾವಿರ ಹಣ್ಣು, ಒಂದು ಹಣ್ಣು ಹಿಂಡಿದ್ರೆ ಇಪ್ಪತ್ತೈದು ಹಂಡೆ ರಸ, ಒಬ್ಬ ಭಕ್ತ ಒಂದು ಗೊಂಚಲಿಗೆ ಕೈ ಹಾಕಿದ್ರೆ ಪಕ್ಕದ ಗೊಂಚಲು ನಾನು ಅದಕ್ಕಿಂತ ಚೆನ್ನಾಗಿದ್ದೀನಿ ನನ್ನ ತಗೋ ಅಂತ ಕೂಗುತ್ತಂತೆ. ನನಗೆ ಇದು ಭಾಳ ಇಷ್ಟ. ನಾಲ್ಕನೇ ಶತಮಾನದ ಇತಿಹಾಸಕಾರ ಯುಸೇಬಿಯಸ್‌ಗೆ ಇಷ್ಟ ಆಗಲಿಲ್ಲ, ಪಪಿಯಾಸ್‌ಗೆ ಬುದ್ಧಿ ಸ್ವಲ್ಪ ಕಮ್ಮಿ ಅಂತ ಬರೆದುಬಿಟ್ಟ.

ಇನ್ನು ಗದಗಿನವರೇ, ನಿಮ್ಮ ಸಭೆಯಲ್ಲಿ ಯಾರೂ ಮಾತಾಡಲ್ಲ ಅಂದ್ರಲ್ಲ. ನಿಮ್ಮ ಸಭೆ ಹುಟ್ಟಿದ್ದೇ ಈ ಮಾತಿನ ಬಿಸಿಯಲ್ಲಿ! ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ್ರೂ ಅದರ ಜನ ಹೆಚ್ಚಾಗಿ ಪಕ್ಕದ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯಲ್ಲಿ ಬೆಂಗೆಲ್ ಅನ್ನೋ ದೊಡ್ಡ ಬೈಬಲ್ ಪಂಡಿತರಿದ್ದರು (1752ರಲ್ಲಿ ತೀರಿಕೊಂಡರು), ಪ್ರಕಟನೆಯ ಸಂಖ್ಯೆಗಳನ್ನ ಲೆಕ್ಕ ಹಾಕಿ ಸೈತಾನ ಕಟ್ಟಲ್ಪಡೋ ಸಾವಿರ ವರ್ಷ 1836ರಲ್ಲಿ ಶುರು ಆಗುತ್ತೆ ಅಂದಿದ್ದರು. ಜನ ಅದನ್ನ ಗಟ್ಟಿಯಾಗಿ ಹಿಡ್ಕೊಂಡಿದ್ರು, 1816ರಲ್ಲಿ ಬೇಸಿಗೆಯೇ ಬರದೆ ಬೆಳೆ ಹೋಗಿ ಹಸಿವು ಬಿದ್ದಾಗ ಸಾವಿರಾರು ಜನ ಮನೆ ಮಠ ಬಿಟ್ಟು ರಷ್ಯಾದ ಕಡೆ, ಕಾಕಸಸ್ ಕಡೆ ಹೊರಟರು, ಅವರಲ್ಲಿ ಕರ್ತನ ಬರೋಣಕ್ಕೆ ಆಶ್ರಯದ ಜಾಗ ಹುಡುಕಿಕೊಂಡು ಹೋದವರು ಬಹಳ. ಆ ಮಣ್ಣಿನಿಂದ ಬಂದವರು ನಮ್ಮಲ್ಲಿಗೆ ಬಂದದ್ದು. 1834ರಲ್ಲಿ ಮಂಗಳೂರು, 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದಿಳಿದರು, ಮುಂದೆ 'ಮಂಗಳೂರು ಸಮಾಚಾರ' ತೆಗೆದವರು ಅವರೇ, 1837ರಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ.

ಇದಕ್ಕಿಂತ ಮಜಾ ಏನಂದ್ರೆ, 1840ರ ಆಸುಪಾಸಿನಲ್ಲಿ ಹುಬ್ಬಳ್ಳಿ ಸೀಮೆಯ ಕಾಲಜ್ಞಾನದವರು ಮಿಶನರಿಗಳನ್ನ ಹುಡುಕಿಕೊಂಡು ಬಂದರು, ನಮ್ಮ ಕಾಲಜ್ಞಾನದಲ್ಲಿ ಹೇಳಿರೋದು ನಿಮ್ಮನ್ನೇ ಇರಬೇಕು ಅಂತ. ವೀರ ವಸಂತರಾಯ ಬಂದು ಆಳ್ತಾನೆ, ಕಲ್ಯಾಣ ಮತ್ತೆ ಕಟ್ಟುತ್ತಾನೆ ಅನ್ನೋ ನಂಬಿಕೆ ನಮ್ಮ ಕಡೆ ಇತ್ತಲ್ಲ, ಒಬ್ಬ ರಾಜನಿಗೆ ಕಾಯ್ತಾ ಇದ್ದ ಎರಡು ಜನ ಎದುರಾಬದುರು ಕೂತ ಹಾಗಾಯ್ತು. ಮಿಶನರಿಗಳಿಗೆ ಖುಷಿಯೋ ಖುಷಿ, ಗದಗ ಹತ್ತಿರ ಮಲ್ಲಸಮುದ್ರದಲ್ಲಿ ಅವರಿಗೆ ಅಂತ ಒಂದು ಬೇಸಾಯದ ವಸಾಹತು ಕೂಡ ಮಾಡಿದ್ರು. ಅಂದುಕೊಂಡ ಹಾಗೆ ಜನ ಬರಲಿಲ್ಲ.

ಗದಗಿನವ:
ಅಯ್ಯ ದೇವ್ರೇ, ಮಲ್ಲಸಮುದ್ರ ನಮ್ಮ ಮನಿ ಬಾಜೂಕ ಐತಿ, ಈ ಕಥಿ ಯಾರೂ ಹೇಳೇ ಇಲ್ಲ. ಹಳೇ_ಕಡತ ಅವ್ರ, ಇದನ್ನ ಬ್ಯಾರೆ ಪೋಸ್ಟ್ ಹಾಕಿ ಪೂರ್ತಿ ಬರೀರಿ.

ಆದ್ರ ನನ್ನ ಎರಡನೇ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡ್ಲಿಲ್ಲ, ಎಲ್ಲಾರೂ ಬುಡಕ್ಕ ಹೋಗಿ ಜಗಳಾ ಹಚ್ಚಿದ್ರಿ. ಸೈತಾನನ್ನ ಯಾಕ ಬಿಡ್ತಾರ?

ಮಾರನಾಥ_ಹುಬ್ಳಿ:
ನಾವು ಹೇಳೋದು ಹೀಗೆ. ಸಾವಿರ ವರ್ಷ ನ್ಯಾಯ, ಸಮಾಧಾನ, ಹಸಿವಿಲ್ಲ, ಯುದ್ಧ ಇಲ್ಲ, ಕರ್ತನೇ ಕಣ್ಣೆದುರು ರಾಜ. ಆ ಕಾಲದಲ್ಲಿ ಹುಟ್ಟಿದವರಿಗೆ ಶೋಧನೆ ಅಂದ್ರೇನು ಅಂತಾನೇ ಗೊತ್ತಿರಲ್ಲ. ಕೊನೆಗೆ ಬಿಟ್ಟಾಗ ಅವರಲ್ಲೂ ಸಮುದ್ರದ ಮರಳಿನಷ್ಟು ಜನ ಅವನ ಹಿಂದೆ ಹೋಗ್ತಾರೆ. ಕಾಲ ಕೆಟ್ಟದ್ದು, ಸರ್ಕಾರ ಕೆಟ್ಟದ್ದು, ಬಡತನ ಇತ್ತು ಅದಕ್ಕೇ ಪಾಪ ಮಾಡಿದೆ ಅಂತ ಹೇಳೋಕೆ ಮನುಷ್ಯನಿಗೆ ಒಂದು ನೆಪವೂ ಉಳಿಯಬಾರದು ಅಂತ.

ಲಾಲ್‌ಬಾಗ್_ಓದುಗ:
ಇದು ಒಳ್ಳೇ ಉತ್ತರ ಅಂತ ಒಪ್ತೀನಿ, ಆದ್ರೆ ಒಂದು ತೊಡಕಿದೆ. 19ರ ಕೊನೆಯಲ್ಲಿ ಕ್ರಿಸ್ತನ ಎದುರು ನಿಂತ ರಾಜರು, ಅವರ ಸೈನ್ಯ, ಸ್ವತಂತ್ರರು, ದಾಸರು ಎಲ್ಲಾ ಸತ್ತು ಹಕ್ಕಿಗಳಿಗೆ ಊಟ ಆದ್ರು. 20:3ರಲ್ಲಿ ಸೈತಾನ "ಜನಾಂಗಗಳನ್ನ" ಮೋಸ ಮಾಡಬಾರದು ಅಂತ ಕಟ್ಟುತ್ತಾರೆ. ಯಾವ ಜನಾಂಗಗಳು? ಉಳಿದವರು ಯಾರು? ನಮ್ಮ ಓದಿನಲ್ಲಿ ಈ ಕಷ್ಟ ಇಲ್ಲ, 20ನೇ ಅಧ್ಯಾಯ ಮತ್ತೆ ಮೊದಲಿಂದ ಅದೇ ಕಥೆ ಹೇಳುತ್ತೆ, ಬಿಡುಗಡೆಯಾದ ಸೈತಾನ ಜನಾಂಗಗಳನ್ನ ಕೂಡಿಸಿ ಮಾಡೋ ಗೋಗ್ ಮಾಗೋಗ್ ಯುದ್ಧವೂ 19ರ ಯುದ್ಧವೂ ಒಂದೇ, ಕರ್ತನ ಬರೋಣಕ್ಕೆ ಮೊದಲು ಸಭೆ ಮೇಲೆ ಬರೋ ಕೊನೇ ಹಿಂಸೆ ಅದು. ಕಟ್ಟಿದ್ದು ಅಂದ್ರೆ ಪೂರ್ತಿ ಕೈಕಾಲು ಬಿಗಿದದ್ದಲ್ಲ, ಸುವಾರ್ತೆ ಎಲ್ಲಾ ಜನಾಂಗಕ್ಕೂ ಹೋಗೋದನ್ನ ಅವನು ತಡೆಯೋಕಾಗಲ್ಲ ಅಷ್ಟೇ, ಮನೆ ದೋಚಬೇಕಾದ್ರೆ ಬಲಿಷ್ಠನನ್ನ ಮೊದಲು ಕಟ್ಟಬೇಕು ಅಂತ ಮತ್ತಾಯ 12ರಲ್ಲಿ ಕರ್ತನೇ ಹೇಳಿದ್ದಾನಲ್ಲ. ಪೇತ್ರನ ಸಿಂಹಕ್ಕೂ ಅದೇ ಉತ್ತರ.

ಮಾರನಾಥ_ಹುಬ್ಳಿ:
ಅಧೋಲೋಕಕ್ಕೆ ದಬ್ಬಿ, ಮುಚ್ಚಿ, ಮೇಲೆ ಮುದ್ರೆ ಹಾಕಿದ್ದನ್ನ ಪೂರ್ತಿ ಕಟ್ಟಿಲ್ಲ ಅಂದ್ರೆ ಹೆಂಗೆ ಬ್ರದರ್. ಜನಾಂಗಗಳು ಯಾರು ಅಂದ್ರೆ ಮಹಾಸಂಕಟ ದಾಟಿ ಜೀವಂತ ಉಳಿದವರು, ಮತ್ತಾಯ 25ರಲ್ಲಿ ತೀರ್ಪಿನಲ್ಲಿ ಕರ್ತನು ಬಲಗಡೆ ನಿಲ್ಲಿಸೋ ಕುರಿಗಳು. ಸತ್ತಿದ್ದು ಯುದ್ಧಕ್ಕೆ ಬಂದ ಸೈನ್ಯ, ಲೋಕದ ಎಲ್ಲಾ ಮನುಷ್ಯರು ಅಲ್ಲ. ಕುರಿಗಳು ಈ ದೇಹದಲ್ಲೇ ಆಳ್ವಿಕೆಯೊಳಗೆ ಹೋಗ್ತಾರೆ, ಅವರಿಗೆ ಮಕ್ಕಳಾಗ್ತಾರೆ.

ಸಬ್ಬತ್_ಮೈಸೂರು:
ನಾವು ಸೆವೆಂತ್ ಡೇ ಅಡ್ವೆಂಟಿಸ್ಟ್, ನಮ್ಮದು ನಿಮ್ಮ ಮೂರಕ್ಕೂ ಸೇರಲ್ಲ. ಕರ್ತನು ಬಂದಾಗ ಭಕ್ತರನ್ನೆಲ್ಲ ಪರಲೋಕಕ್ಕೆ ಕರ್ಕೊಂಡು ಹೋಗ್ತಾನೆ, ಸಾವಿರ ವರ್ಷದ ಆಳ್ವಿಕೆ ಅಲ್ಲಿ, ಭೂಮಿ ಅಷ್ಟೂ ಕಾಲ ಹಾಳು ಬಿದ್ದಿರುತ್ತೆ, ಒಬ್ಬ ಮನುಷ್ಯನೂ ಜೀವಂತ ಇರಲ್ಲ. ಸೈತಾನ ಇಲ್ಲೇ ಒಂಟಿ, ಮೋಸ ಮಾಡೋಕೆ ಯಾರೂ ಇಲ್ಲ, ಅದೇ ಅವನ ಸರಪಣಿ. 20:5ರಲ್ಲಿ ಉಳಿದ ಸತ್ತವರು ಸಾವಿರ ವರ್ಷ ಮುಗಿಯೋವರೆಗೂ ಎದ್ದಿಲ್ಲ ಅಂತ ಇದೆ ನೋಡಿ. ಮುಗಿದ ಮೇಲೆ ಅವರು ಏಳ್ತಾರೆ, ಮೋಸ ಹೋಗೋ ಜನಾಂಗಗಳು ಅವರೇ. ಗದಗಿನ ಅಣ್ಣ ಕೇಳಿದ್ದಕ್ಕೆ ನಮ್ಮ ಉತ್ತರ ಇಷ್ಟೇ, ಸೈತಾನನನ್ನ ಯಾರೋ ಬೀಗ ತೆಗೆದು ಬಿಡೋದಲ್ಲ, ಅವನ ಜನ ಎದ್ದು ಬಂದಾಗ ಅವನಿಗೆ ಮತ್ತೆ ಕೆಲಸ ಸಿಗುತ್ತೆ.